ಮದುವೆ ಕ್ಯಾಸೆಟ್ಟಿನ ಕೊನೆಗೆ

ಮೊಯ್ದು ಅವರ ಟಯರ್ ಅಂಗಡಿಯ ಮೇಲೆ ಹದಿನಾಲ್ಕು ಮೆಟ್ಟಿಲು,
ಒಂದು ನೀಲಿ ಪರದೆ, ಎರಡು ಟ್ಯೂಬ್‌ಲೈಟು,
ಮೇಜಿಗೆ ಹೊದಿಸಿದ ಬೆಡ್‌ಶೀಟು.
ಇಷ್ಟೇ ನಮ್ಮ ನಿಲಯ.
ಸುಂಟಿಕೊಪ್ಪದಿಂದ, ಸಂಜೆ ಏಳೂವರೆಗೆ.
ಕ್ಯಾಮೆರಾಕ್ಕೆ ಕಾಣುವಷ್ಟು ಕಡೆ ರೇಷ್ಮೆ,
ಕಾಣದಲ್ಲಿ ಕೆಸರಿನ ಗಮ್‌ಬೂಟು.

‘ವಾರ್ತೆಗಳು, ಓದುತ್ತಿರುವವರು ಬೊಳ್ಳಮ್ಮ’
ಎನ್ನುವ ಮೊದಲು ಇನಾಸ್ ನೆಲಕ್ಕೆ ಮೂರು ಸಲ ಒದೆಯುವನು:
ಕೆಳಗೆ ಕಂಪ್ರೆಸರು ನಿಲ್ಲಬೇಕು.
ಕೆಲವು ದಿನ ನಿಲ್ಲುತ್ತಿರಲಿಲ್ಲ.
ಯಾರದೋ ಜೀಪಿನ ಚಕ್ರಕ್ಕೆ ಗಾಳಿ ತುಂಬುವ ಸದ್ದಿನೊಳಗೇ
ಕರಿಮೆಣಸಿನ ದರ ಏರುತ್ತಿತ್ತು.

ತಂತಿ ಎಳೆದವನು ಸೆಲ್ವಂ.
ಸಿಲ್ವರ್ ಓಕುಗಳೇ ಕಂಬ;
ಮೆಣಸಿನ ಬಳ್ಳಿ ಹತ್ತಿದ ಮರವನ್ನೇ
ಕಪ್ಪು ಕೇಬಲ್ಲೂ ಹತ್ತಿತು.
ಒಂದು ರಾತ್ರಿ ಆನೆ ಬಂದು ಅದನ್ನು ಹರಿದು ಹಾಕಿತು.
ಆನೆ ಬಂದ ಸುದ್ದಿ
ಆನೆ ಬಾರದ ಕಡೆಯವರಿಗಷ್ಟೇ ಮುಟ್ಟಿತು.

ಜುಲೈ ಪೂರ್ತಿ ಕರೆಂಟಿಲ್ಲ.
ಜನರೇಟರು ಹಚ್ಚಿ ಓದಿದೆವು,
ಕತ್ತಲೆ ಕೂತ ಟೀವಿಗಳಿಗೆ.

ಜನ ಕಾಯುತ್ತಿದ್ದದ್ದು ಕೊನೆಯ ಎರಡು ನಿಮಿಷಕ್ಕೆ:
ಯಾರು ಹೋದರು, ಯಾವೂರು, ನಾಳೆ ಎಷ್ಟು ಗಂಟೆಗೆ.
ಮಂತ್ರಿ ಬಂದರೂ ಸೌಟು ಕೆಳಗಿಡದವರು
‘ನಿಧನ’ ಎಂದೊಡನೆ ಅಡುಗೆಮನೆಯಿಂದ ಹೊರಗೆ.
ನನಗೂ ಅಲ್ಲಿ ದನಿ ತಂತಾನೇ ತಗ್ಗುತ್ತಿತ್ತು,
ಯಾರೂ ಕಲಿಸಿದ್ದಲ್ಲ.

ತೊಂಬತ್ತೇಳರ ಡಿಸೆಂಬರು, ಫೋನು ಗೊರಗೊರ.
ಹೋದವರು ಕಡಗದಾಳಿನ ಪಳಂಗಪ್ಪ.
ನಾನು ಕಳಿಸಿಬಿಟ್ಟದ್ದು ಕೆದಕಲ್ಲಿನವರನ್ನು.

ಮರುದಿನ ಅವರೇ ಹತ್ತಿ ಬಂದರು,
ಸಹಕಾರ ಸಂಘದ ಹಳೇ ಗುಮಾಸ್ತರು, ಕಂಕುಳಲ್ಲಿ ಕೊಡೆ.
ಬೈಯಲಿಲ್ಲ.
‘ಬೆಳಗ್ಗಿನಿಂದ ಮೂವತ್ತು ಜನ ಬಂದರು.
ನನ್ನನ್ನು ನೋಡಿ ಸುಮ್ಮನೆ ಹೋಗಲಿಕ್ಕೂ ಆಗದೆ ಕೂತರು.
ಕಾಫಿಪುಡಿಯ ಡಬ್ಬಿ ಖಾಲಿ.
ಇನ್ನು ನೀನು ಹೇಳಿದರೆ ಯಾರು ನಂಬುತ್ತಾರೆ, ಏಳು,
ನಾನೇ ಓದುತ್ತೇನೆ.’

ಅವತ್ತೇ ನಮ್ಮ ಕ್ಯಾಸೆಟ್ಟು ಸಿಕ್ಕಿ ಹರಿದದ್ದು.
ಇದ್ದದ್ದೇ ಒಂದು, ನಿನ್ನೆಯ ಮೇಲೆ ಇವತ್ತು,
ಇವತ್ತಿನ ಮೇಲೆ ನಾಳೆ;
ಹನ್ನೊಂದು ವರ್ಷದ ಊರು ಹೀಗೇ ಅಳಿಸಿಹೋಯಿತು.
ಇನಾಸ್ ಚೀಲದಿಂದ ಮಾದಾಪುರದ ಮದುವೆ ತೆಗೆದ.
ಕೊನೆಯಲ್ಲಿ ಐದು ನಿಮಿಷ ಜಾಗವಿತ್ತು.

ಆಮೇಲೆ ತಗಡಿನ ಮಾಡುಗಳ ಮೇಲೆ ಡಿಶ್ಶು ಅರಳಿದವು.
ಸೆಲ್ವಂ ತಂತಿ ಸುತ್ತಿ ಗುಜರಿಗೆ ಕೊಟ್ಟ.
ನೀಲಿ ಪರದೆ ಕೆಳಗಿಳಿದು ಟಯರುಗಳನ್ನು ಹೊದ್ದುಕೊಂಡಿತು.
ಪಳಂಗಪ್ಪನವರು ನಿಜವಾಗಿ ಹೋದಾಗ
ಸುದ್ದಿ ನನ್ನ ಮೊಬೈಲಿಗೆ ಬಂತು, ಫೋಟೋ ಸಮೇತ.
ಆದರೂ ಎರಡು ಸಲ ಫೋನು ಮಾಡಿ ಕೇಳಿದೆ,
ಕೆದಕಲ್ಲೋ, ಕಡಗದಾಳೋ?

ಮೊನ್ನೆ ಮಾದಾಪುರದ ಆ ಮನೆಯಲ್ಲಿ
ಧೂಳು ಊದಿ ವಿಸಿಆರ್ ಹಚ್ಚಿದರು.
ಮದುಮಗಳು ನೀರು ಹೊತ್ತಳು, ವಾಲಗ ಕುಣಿಯಿತು,
ಈಗಿಲ್ಲದ ಎಷ್ಟೋ ಜನ ಹಂದಿಕರಿ ಬಡಿಸಿಕೊಂಡರು.
ಮತ್ತೆ ಪರದೆ ತುಂಬ ನುಸಿ.
ನುಸಿಯೊಳಗಿಂದ ಕಂಪ್ರೆಸರು.

ನನ್ನ ಕುರ್ಚಿಯಲ್ಲಿ ಅವರು, ಕನ್ನಡಕ ಮೂಗಿನ ತುದಿಗೆ:
‘ಕೆದಕಲ್ಲಿನ ಪಳಂಗಪ್ಪನವರು ನಿನ್ನೆ ನಿಧನರಾಗಲಿಲ್ಲ.’
ಕಾಗದ ಮಗುಚುತ್ತಾರೆ. ಮೆಣಸಿನ ದರ ಓದಿ ತಡೆಯುತ್ತಾರೆ,
‘ಇದು ತಪ್ಪು, ಬೆಳಗ್ಗೆ ನಾನು ಎರಡು ರೂಪಾಯಿ ಹೆಚ್ಚಿಗೇ ಮಾರಿದೆ.’

‘ಅಜ್ಜಿ, ಇವರೂ ಮದುವೆಗೆ ಬಂದಿದ್ದರಾ?’
ಎಂದಿತು ಆ ಮನೆಯ ಮಗು. ಯಾರಿಗೂ ಗೊತ್ತಿಲ್ಲ.

ಪರದೆಯಲ್ಲಿ ಅವರು ಪಕ್ಕಕ್ಕೆ ನೋಡಿ ಕೇಳುತ್ತಾರೆ, ‘ಆಯ್ತಾ?’
ಚೌಕಟ್ಟಿನ ಹೊರಗಿನಿಂದ ಇಪ್ಪತ್ತಾರರ ನನ್ನ ದನಿ:
‘ಇನ್ನೂ ಒಂದು ನಿಮಿಷ ಇದೆ, ಕೂತಿರಿ.’

ಕೊಡೆ ತೊಡೆಯ ಮೇಲಿಟ್ಟುಕೊಂಡು
ಅವರು ಕೂತಿರುತ್ತಾರೆ.